ಜಡ್ಜಮ್ಮನ ಕೋರ್ಟು

ಸಂಬಳದ ದಿನ ಸಂಜೆ ಇಸ್ತ್ರಿಯವನ ಮನೆಯಲ್ಲಿ ಕೋರ್ಟು ಕೂರುತ್ತಿತ್ತು. ಮನೆ ಅಂದರೆ ಏನು ಮಹಾ, ಒಂದು ಕೋಣೆ. ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ಹಾಸಿಗೆ, ನಡುವೆ ಉಳಿದ ಜಾಗದಲ್ಲಿ ಸಂಸಾರ. ಜಡ್ಜು ಯಾರು ಅಂತೀರಾ? ಅವನ ಮಗಳು. ಎಂಟು ಇನ್ನೂ ತುಂಬಿರಲಿಲ್ಲ. ಮುಂದಿನ ಎರಡು ಹಲ್ಲು ಬಿದ್ದುಹೋಗಿ, ತೀರ್ಪು ಕೊಡುವಾಗ ಆ ಸಂದಿಯಿಂದ ಪುಸ್ ಎಂದು ಗಾಳಿ ಬರುತ್ತಿತ್ತು. ಆದರೂ ಅವಳ ಮಾತಿನ ಮೇಲೆ ಅಪೀಲು ಇರಲಿಲ್ಲ. ಕಟ್ಟಡದವರೆಲ್ಲ ಅವಳನ್ನು ಜಡ್ಜಮ್ಮ ಅಂತಲೇ ಕರೆಯುತ್ತಿದ್ದರು.

ಕೋರ್ಟು ನಡೆಯುತ್ತಿದ್ದದ್ದು ಹೀಗೆ. ನೆಲದ ಮೇಲೆ ಲೋಟಗಳ ಸಾಲು. ಬಾಡಿಗೆಗೆ ಒಂದು, ಅಂಗಡಿ ಸಾಮಾನಿಗೆ ಒಂದು, ಕರೆಂಟಿಗೆ, ಸ್ಕೂಲಿಗೆ. ಕೊನೆಯದು ಎಲ್ಲಕ್ಕಿಂತ ಚಿಕ್ಕದು, ಖುಷಿ ಲೋಟ. ಮಿಕ್ಕ ಲೋಟಗಳಿಗೆಲ್ಲ ಹಂಚಿ ಉಳಿದ ಚಿಲ್ಲರೆ ಅದಕ್ಕೆ. ಆಮೇಲೆ ಆ ತಿಂಗಳ ಆಸೆಗಳು ಒಂದೊಂದಾಗಿ ಬಂದು ಜಡ್ಜಮ್ಮನ ಮುಂದೆ ನಿಲ್ಲಬೇಕು. ಎಲ್ಲರ ಪರವಾಗಿ ವಾದ ಮಾಡುವವನು ಅಪ್ಪ.

"ಅಮ್ಮಾ ತಾಯೀ, ನಾನು ಕಿತ್ತಳೆ ಹಣ್ಣು. ಹೋದ ತಿಂಗಳೂ ನನ್ನನ್ನ ಹೊರಗೆ ಹಾಕಿದ್ರಿ. ನಾನೇನು ಪಾಪ ಮಾಡಿದ್ದೆ?" ಎಂದು ಅವನು ಮೂಗಿನಲ್ಲಿ ಅಳುತ್ತಿದ್ದ. ತಕ್ಷಣ ದನಿ ದಪ್ಪ ಮಾಡಿ, "ಅವಳ ಮಾತು ಕೇಳಬೇಡಿ, ಎರಡು ನಿಮಿಷದಲ್ಲಿ ಮುಗಿದುಹೋಗ್ತಾಳೆ. ನಾನು ಬಸ್ಸು. ಮುಂದಿನ ಸೀಟಲ್ಲಿ ಕೂರಿಸಿ ಕೊನೇ ಸ್ಟಾಪಿನವರೆಗೂ ಮೆರವಣಿಗೆ ಮಾಡಿಸ್ತೀನಿ," ಎನ್ನುತ್ತಿದ್ದ. ಜಡ್ಜಮ್ಮ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುವಳು. ನಗು ಮುಗಿದ ಮೇಲೆ ಮುಖ ಗಂಟು ಹಾಕಿ ಲೋಟ ನೋಡಿ, "ಬಸ್ಸು ಒಳಗೆ. ಕಿತ್ತಳೆ ಹೊರಗೆ," ಎನ್ನುವಳು. ಸೋತವರನ್ನು ಸಮಾಧಾನ ಮಾಡುವುದೂ ಅಪ್ಪನ ಕೆಲಸವೇ. "ನಿನ್ನ ಮೇಲೆ ಕೋಪ ಇಲ್ಲಮ್ಮ, ಜಾಗ ಇಲ್ಲ ಅಷ್ಟೇ." ಅಲ್ಲಿಗೆ ಮುಗಿಯಿತು. ಹೊರಗೆ ಹೋದದ್ದಕ್ಕೆ ಯಾರೂ ಅಳುವಂತಿಲ್ಲ, ಅದು ಕೋರ್ಟಿನ ಕಾನೂನು.

ಈ ಕಾನೂನು ಸುಮ್ಮನೆ ಹುಟ್ಟಲಿಲ್ಲ. ಹೆಂಡತಿ ತೀರಿಹೋದ ಹೊಸದರಲ್ಲಿ ಮಗು ಎಲ್ಲದಕ್ಕೂ ಅಳುತ್ತಿತ್ತು. ಬಿಸ್ಕತ್ತು ಮುರಿದರೆ ಅಳು, ಬಲೂನಿನವನು ಬೀದಿ ದಾಟಿ ಹೋದರೆ ಅಳು. ಕೈಯಲ್ಲಿ ಕಾಸಿಲ್ಲದ ಗಂಡಸು ಎಷ್ಟಕ್ಕೆ ಅಂತ ಸಮಾಧಾನ ಹೇಳಿಯಾನು? ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದವರು ಬೆಳೆಯುವ ಕಾಲಿನ ವಿಷಯ ಏನೂ ಹೇಳಿ ಹೋಗಲಿಲ್ಲ. ಅದಕ್ಕೇ ಅವನು ಈ ಆಟ ಕಟ್ಟಿದ. ಕಟ್ಟಿದ್ದು ಚೆನ್ನಾಗಿಯೇ ಇತ್ತು. ಒಂದು ಕಿತ್ತಳೆಯನ್ನು ತಾರಸಿಯ ಮೇಲೆ ಕೂತು, ತೊಳೆ ತೊಳೆ ಬಿಡಿಸಿ, ಸಿಪ್ಪೆಯ ರಸ ಒಬ್ಬರ ಕಣ್ಣಿಗೆ ಒಬ್ಬರು ಚಿಮ್ಮಿಸಿಕೊಂಡು ಅವರು ಇಡೀ ಸಂಜೆ ತಿನ್ನುತ್ತಿದ್ದರು. ಬುಟ್ಟಿಗಟ್ಟಲೆ ತಿನ್ನುವವರಿಗೆ ಆ ರುಚಿ ಸಿಕ್ಕಿರಲಾರದು.

ಅವನ ಕೆಲಸ ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ. ಮೇಜುಬಟ್ಟೆ, ದಿಂಬಿನ ಚೀಲ, ಹಾಸಿಗೆ ಹೊದಿಕೆ, ಎಲ್ಲವನ್ನೂ ಇಸ್ತ್ರಿ ಮಾಡಿ ಮೇಲಕ್ಕೆ ಕಳಿಸುವುದು. ಬೆಳಿಗ್ಗೆ ಹೋಗಿ, ಮಗು ಸ್ಕೂಲಿನಿಂದ ಬರುವ ಹೊತ್ತಿಗೆ ಮನೆಗೆ. ಹೀಗೇ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹೋಟೆಲಿನವರಿಗೆ ಅದೇನು ಬುದ್ಧಿ ಬಂತೋ, ಇನ್ನು ಮೇಲೆ ಹಗಲು ಒಗೆತ, ರಾತ್ರಿ ಇಸ್ತ್ರಿ ಎಂದುಬಿಟ್ಟರು. ಅವನು ಸೂಪರ್‌ವೈಸರ್ ಮುಂದೆ ನಿಂತು, ಮನೆಯಲ್ಲಿ ಮಗು ಒಂದೇ ಇರುತ್ತದೆ ಸಾರ್ ಎಂದ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯಿತು. ಆತ, "ಇಷ್ಟ ಇದ್ರೆ ಇರು, ಇಲ್ಲದಿದ್ರೆ ಬಿಡು," ಎಂದು ಚಹಾ ಕುಡಿಯಲು ಹೋದ.

ಕೆಲವು ದಿನ ಪಕ್ಕದ ಮನೆಯ ಅಜ್ಜಿ ಬಂದು ಮಗುವಿನ ಜೊತೆ ಮಲಗಿದಳು. ಅಜ್ಜಿಯ ಕಣ್ಣಿಗೆ ಪೊರೆ ಬಂದು, ಅವಳ ಮಗ ಬಂದು ಕರೆದುಕೊಂಡು ಹೋದ. ದುಡ್ಡು ಕೊಟ್ಟು ಯಾರನ್ನಾದರೂ ಇಟ್ಟುಕೊಳ್ಳೋಣವೆಂದರೆ ಮೂಗಿಗಿಂತ ಮೂಗುತಿ ಭಾರ. ಕೊನೆಗೆ ಅವನು ಹೊರಗಿನಿಂದ ಬೀಗ ಹಾಕಿಕೊಂಡು ಹೋಗತೊಡಗಿದ. ತಪ್ಪೇ, ಅವನಿಗೂ ಗೊತ್ತಿತ್ತು. ಒಂದು ರಾತ್ರಿ ಕೆಳಗಿನ ಮನೆಯ ಒಲೆಯಿಂದ ಬೆಂಕಿ ಎದ್ದು ಕಟ್ಟಡದ ತುಂಬ ಹೊಗೆಯಾಯಿತು. ಎಲ್ಲರೂ ಬೀದಿಗೆ ಓಡಿದರು. ಬೀಗ ಹಾಕಿದ್ದ ಬಾಗಿಲ ಹಿಂದೆ ಉಳಿದವಳು ಇವಳೊಬ್ಬಳೇ. ಬೆಂಕಿ ಬೇಗ ಆರಿತು, ಏನೂ ಆಗಲಿಲ್ಲ ನಿಜ. ಆದರೆ ಬೆಳಿಗ್ಗೆ ಅವನು ಬಂದು ಬೀಗ ತೆಗೆದಾಗ, ಒದ್ದೆ ಟವೆಲನ್ನು ಮೂಗಿಗೆ ಕಟ್ಟಿಕೊಂಡು, ಬಾಗಿಲಿಗೆ ಒರಗಿ ಮಗು ನಿದ್ದೆ ಹೋಗಿತ್ತು. ಅವನು ಹೊಸ್ತಿಲ ಮೇಲೆ ಕೂತು ಆ ಟವೆಲನ್ನು ಬಿಚ್ಚಿದ.

ಅವತ್ತೇ ದೊಡ್ಡಮ್ಮನಿಗೆ ಫೋನು ಮಾಡಿದ. ದೊಡ್ಡಮ್ಮ ಅಂದರೆ ಸತ್ತ ಹೆಂಡತಿಯ ಅಕ್ಕ. ಬೇರೆ ಊರಿನಲ್ಲಿದ್ದಳು, ಮಕ್ಕಳಿರಲಿಲ್ಲ. "ಮಗೂನ ನನ್ನ ಹತ್ರ ಕಳಿಸಿ ಅಂತ ನಾನೇ ಯಾವತ್ತೋ ಕೇಳಬೇಕು ಅಂತಿದ್ದೆ. ನೀವು ತಪ್ಪು ತಿಳೀತೀರೇನೋ ಅಂತ ಸುಮ್ಮನಿದ್ದೆ," ಎಂದು ಆಕೆ ಅತ್ತೇಬಿಟ್ಟಳು. ಒಳ್ಳೆಯ ಹೆಂಗಸು. ಅವಳ ಮೇಲೆ ದೂರು ಹೇಳಲು ನನ್ನ ಹತ್ತಿರವೂ ಏನೂ ಇಲ್ಲ.

ಅಲ್ಲಿಯವರೆಗೆ, ಕೆಲವೇ ದಿನದ ಮಟ್ಟಿಗೆ, ರಾತ್ರಿ ಮಗುವನ್ನು ಮಲಗಿಸಿಕೊಳ್ಳಲು ಕೆಳಗಿನ ಮನೆಯವರು ಒಪ್ಪಿದರು. ಈಗ ಮಗುವಿಗೆ ಹೇಳಬೇಕಲ್ಲ. ಹೇಗೆ ಹೇಳುವುದು? ಇಂದು, ನಾಳೆ ಅಂತ ಬಾಯಿ ತೆರೆದು ತೆರೆದು ಮುಚ್ಚಿಕೊಂಡ. ಕೊನೆಗೆ, ಅವಳು ಖುಷಿಯಾಗಿರುವಾಗ ಹೇಳಿದರೆ ಕಮ್ಮಿ ನೋವಾಗುತ್ತದೆ ಎಂದುಕೊಂಡ. ಅವಳು ಅತಿ ಖುಷಿಯಾಗಿರುವುದು ಯಾವಾಗ? ಸಂಬಳದ ದಿನ. ಅಯ್ಯೋ ಪುಣ್ಯಾತ್ಮ, ವರ್ಷದಲ್ಲಿ ಅಷ್ಟು ದಿನ ಇದ್ದವು, ನಿನಗೆ ಆ ಸಂಜೆಯೇ ಬೇಕಿತ್ತೇ?

ಲೋಟಗಳು ತುಂಬಿದ್ದವು. ಅವತ್ತು ಕಿತ್ತಳೆ ಗೆದ್ದಿತ್ತು, ಬಸ್ಸು ಸೋತಿತ್ತು. ಅವನು ನೆಲ ನೋಡುತ್ತ, ದೊಡ್ಡಮ್ಮನ ಮನೆ, ದೊಡ್ಡ ಅಂಗಳ, ಹೊಸ ಸ್ಕೂಲು ಎಂದೆಲ್ಲ ವರ್ಣಿಸಿದ. "ಸ್ವಲ್ಪ ದಿನ ಅಷ್ಟೇ. ಇಲ್ಲಿ ಈಗ ಆಗಲ್ಲ ಕಂದ. ನಿನ್ನ ಮೇಲೆ ಕೋಪ ಅಂತ ಅಲ್ಲ," ಎಂದ.

ಜಡ್ಜಮ್ಮ ಲೋಟಗಳನ್ನೇ ನೋಡುತ್ತಿದ್ದಳು.

"ಯಾವತ್ತು?" ಎಂದಳು.

"ಬರೋ ಭಾನುವಾರ. ದೊಡ್ಡಮ್ಮನೇ ಬರ್ತಾರೆ."

"ಸರಿ," ಎಂದು ಎದ್ದು ಹೋಗಿ ಕೈ ತೊಳೆದಳು. ಒಂದು ಹನಿ ಕಣ್ಣೀರಿಲ್ಲ.

ಅವನಿಗೆ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಆಮೇಲೆ, ಮನುಷ್ಯನ ಮನಸ್ಸು ನೋಡಿ, ಸ್ವಲ್ಪ ಬೇಜಾರೂ ಆಯಿತು. ಇಷ್ಟು ಸುಲಭವಾಗಿ ಒಪ್ಪಿಬಿಟ್ಟಳಲ್ಲ, ಅಪ್ಪ ಅಷ್ಟೂ ಬೇಡವಾದನೇ? ಕೆಲಸದಲ್ಲಿ ಜೊತೆಗೆ ಬಟ್ಟೆ ಮಡಿಸುವ ಅಕ್ಕನ ಹತ್ತಿರ ಹೇಳಿಕೊಂಡ. "ನನಗಿಂತ ಗಟ್ಟಿ ಅಕ್ಕ ಅವಳು. ಅಳಲೇ ಇಲ್ಲ."

ಆಕೆ ಹೊದಿಕೆಯ ಅಂಚು ಕೂಡಿಸುತ್ತಿದ್ದವಳು ನಿಲ್ಲಿಸಿದಳು. "ಅತ್ತರೆ ಸಮಾಧಾನ ಮಾಡಬಹುದಪ್ಪ. ಅಳದೇ ಇರೋ ಮಕ್ಕಳನ್ನ ಕಂಡ್ರೆ ನಂಗೆ ಭಯ," ಎಂದಳು. ಅವನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಉಳಿದ ದಿನಗಳಲ್ಲಿ ಮಗಳಿಗೆ ಒಂದಿಷ್ಟು ಸುಖ ಕೊಡೋಣವೆಂದು ಅವನು ಹೊರಟ. ಕೋರ್ಟು ಗೀರ್ಟು ಎಲ್ಲ ಬದಿಗಿರಲಿ, ಕರೆಂಟಿನ ಲೋಟಕ್ಕೂ ಕೈ ಹಾಕಿದ. ಆದರೆ ಹುಡುಗಿ ಯಾವುದಕ್ಕೂ ಬಗ್ಗಲಿಲ್ಲ. ಐಸ್‌ಕ್ರೀಮು? ಬೇಡ. ಬಸ್ಸು? ನಡೆದೇ ಹೋಗೋಣ. ಬೆಳಿಗ್ಗೆ ಹಾಲು ಕೊಟ್ಟರೆ ಬಿಸಿನೀರು ಸಾಕು ಎಂದಳು. ತಟ್ಟೆಯಲ್ಲಿ ಅನ್ನ ಬಡಿಸಿದರೆ ಅರ್ಧ ತೆಗೆದು ಪಾತ್ರೆಗೆ ಹಾಕಿದಳು. ಸಂಜೆ ದೀಪ ಹಾಕಲು ಬಿಡದೆ ಬಾಗಿಲ ಬೆಳಕಿನಲ್ಲೇ ಕೂತು ಓದಿದಳು. ಬಟ್ಟೆ ಅಂಗಡಿಗೆ ಎಳೆದುಕೊಂಡು ಹೋಗಿ ಹಳದಿ ಫ್ರಾಕು ಕೈಗಿಟ್ಟರೆ, ಅದನ್ನು ಮಡಿಸಿ ಅಂಗಡಿಯವನ ಮುಂದಿಟ್ಟು, "ಹಳೇದರ ಮಡಿಕೆ ಬಿಚ್ಚಿ ಇನ್ನೂ ಉದ್ದ ಮಾಡಬಹುದು," ಎಂದಳು. ಅಂಗಡಿಯವನು, "ಏನ್ ಸ್ವಾಮಿ, ಅತ್ತೇನ ಕರ್ಕೊಂಡು ಬಂದಿದ್ದೀರಾ?" ಎಂದು ನಕ್ಕ. ಇವನಿಗೆ ರೇಗಿಹೋಯಿತು.

"ಒಂದು ದಿನಾನಾದ್ರೂ ನನ್ನ ಕೈಯಾರೆ ಏನಾದ್ರೂ ಕೊಡಿಸೋಕೆ ಬಿಡೇ! ಏನು ಹಠ ನಿಂದು?" ಎಂದು ಬೀದಿಯಲ್ಲೇ ಕೂಗಿದ. ಮಗು ತಲೆ ತಗ್ಗಿಸಿ ನಡೆಯಿತು.

ಶನಿವಾರ ಮಧ್ಯಾಹ್ನ ಅವನು ಚೀಲಕ್ಕೆ ಅವಳ ಬಟ್ಟೆ ತುಂಬುತ್ತಿದ್ದ. ಒಂದೊಂದು ಲಂಗಕ್ಕೂ ಇಸ್ತ್ರಿ ಮಾಡಿದ್ದ, ಹೋಟೆಲಿನ ಮೇಜುಬಟ್ಟೆಗೂ ಅಷ್ಟು ನಿಗಾ ಕೊಟ್ಟವನಲ್ಲ. ಜಡ್ಜಮ್ಮ ಬಂದು ಎದುರಿಗೆ ಕೂತಳು.

"ಅಪ್ಪ, ನಾನು ಈಗ ಎಷ್ಟಾಗ್ತೀನಿ?"

"ಎಷ್ಟಾಗ್ತೀನಿ ಅಂದ್ರೆ?"

"ತಿಂಗಳಿಗೆ. ಮೊದಲಿಗಿಂತ ಕಮ್ಮಿ ಆಗಿದ್ದೀನಲ್ವಾ? ಹಾಲು ಬಿಟ್ಟೆ, ಬಸ್ಸು ಬಿಟ್ಟೆ. ಅನ್ನ ಅರ್ಧ ಮಾಡಿದೆ. ಕಿತ್ತಳೆ ಇನ್ನು ಬೇಡವೇ ಬೇಡ." ಬೆರಳು ಮಡಿಸಿ ಮಡಿಸಿ ಹೇಳಿದಳು. "ಇನ್ನೂ ಏನು ಬಿಟ್ರೆ ನಾನು ಲೋಟದಲ್ಲಿ ಹಿಡೀತೀನಿ?"

ಅವನ ಕೈಯಲ್ಲಿದ್ದ ಲಂಗ ಹಾಗೇ ನಿಂತಿತು. ಆಮೇಲೆ ನಿಧಾನವಾಗಿ ಅರ್ಥವಾಯಿತು. ಅರ್ಥವಾಗದೆ ಇದ್ದಿದ್ದರೆ ಚೆನ್ನಾಗಿತ್ತು. ಸಂಬಳದ ಸಂಜೆ, ಲೋಟಗಳ ಮುಂದೆ, ತಾನು ಮಾಡಿದ್ದೇನು? ಕಿತ್ತಳೆ ಒಳಗೆ, ಬಸ್ಸು ಹೊರಗೆ, ಮಗಳೂ ಹೊರಗೆ. ಹೊರಗೆ ಹೋದದ್ದಕ್ಕೆ ಅಳಬಾರದೆಂದು ಅವಳು ಅಳಲಿಲ್ಲ. ಅಳುವುದರ ಬದಲು ಇಷ್ಟು ದಿನ ಒಂದೊಂದೇ ಬಿಟ್ಟು ಬಿಟ್ಟು ತನ್ನನ್ನು ಅಗ್ಗ ಮಾಡಿಕೊಂಡಿದ್ದಳು.

"ದುಡ್ಡಿಗಲ್ಲ ಕಣೇ ನಿನ್ನ ಕಳಿಸ್ತಿರೋದು! ರಾತ್ರಿ ಕೆಲಸ. ನಿನ್ನೊಬ್ಬಳನ್ನೇ ಬೀಗ ಹಾಕಿ ಬಿಟ್ಟು ಹೇಗೆ ಹೋಗ್ಲಿ? ಅವತ್ತು ಹೊಗೆ ಬಂತಲ್ಲ..."

"ಹಗಲು ಕೆಲಸ ಇಲ್ವಾ ಎಲ್ಲೂ?"

ಇತ್ತು. ಬೀದಿ ಕೊನೆಯ ಇಸ್ತ್ರಿ ಅಂಗಡಿಯಲ್ಲಿ ಇತ್ತು, ಅರ್ಧ ಸಂಬಳಕ್ಕೆ. ಅವನು ಹೋಗಿ ಕೇಳಿಯೂ ಬಂದಿದ್ದ. ಇಲ್ಲ ಅನ್ನೋಣವೆಂದು ಬಾಯಿ ತೆರೆದ. ಆ ಮಗುವಿನ ಮುಖ ನೋಡಿ ಸುಳ್ಳು ನಾಲಗೆಗೆ ಬರಲಿಲ್ಲ. ಹೇಳಿದ. ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು, ಬಾಡಿಗೆ ತೆಗೆದಳು, ಸ್ಕೂಲು ತೆಗೆದಳು.

"ನಾನು ಏನೂ ತಿನ್ನದೇ ಇದ್ರೆ?"

"ತಿನ್ನದೇ ಇದ್ರೂ ಸಾಲಲ್ಲ ಮಗಳೇ."

ಅಂದಮೇಲೆ ದುಡ್ಡಿಗೇ ಆಯಿತಲ್ಲ! ಅವನಿಗೇ ಅದು ಆಗಲೇ ಹೊಳೆದದ್ದು. ರಾತ್ರಿ ಪಾಳಿ, ಬೀಗ, ಹೊಗೆ, ಎಲ್ಲ ನಿಜ. ಎಲ್ಲದರ ಕೆಳಗೆ ಕೂತಿದ್ದದ್ದು ಮಾತ್ರ ಅದೇ ಲೆಕ್ಕ. ಅವನು ಮಗಳನ್ನು ಎಳೆದು ಎದೆಗೆ ಒತ್ತಿಕೊಂಡು ಗೊಳೋ ಎಂದು ಅತ್ತ. "ನೀನು ಖರ್ಚಲ್ಲ ಕಣೇ. ಹಣ್ಣು, ಬಸ್ಸು, ಅವೆಲ್ಲಾ ಖರ್ಚು. ಈ ಮನೇಲಿ ಲೋಟ ಇಡೋದೇ ನಿನಗೋಸ್ಕರ. ನೀನಿಲ್ಲದಿದ್ರೆ ನನಗೆ ಯಾವ ಖುಷಿ, ಯಾವ ಲೋಟ?" ಎಂದ. ಕೋರ್ಟು, ಕಾನೂನು ಎಲ್ಲ ತನ್ನದೇ ದಡ್ಡತನ ಎಂದ. ಇನ್ನೂ ಏನೇನೋ ಎಂದ.

ಜಡ್ಜಮ್ಮ ಅವನ ಬೆನ್ನು ತಟ್ಟಿದಳು. "ಸರಿ ಬಿಡಪ್ಪ. ಗೊತ್ತಾಯ್ತು," ಎಂದಳು.

ಗೊತ್ತಾಯಿತು ಅಂದಳಲ್ಲ, ಅವನು ನಂಬಿದ. ನಮಗೆ ಬೇಕಾದ ಮಾತು ಮಕ್ಕಳ ಬಾಯಲ್ಲಿ ಬಂದರೆ ನಾವು ಎಷ್ಟು ಬೇಗ ನಂಬಿಬಿಡುತ್ತೇವೆ. ಅವತ್ತು ಅವಳು ತಟ್ಟೆ ತುಂಬ ಉಂಡಳು ಕೂಡ.

ಭಾನುವಾರ ದೊಡ್ಡಮ್ಮ ಬೆಳಗಿನ ಬಸ್ಸಿಗೇ ಬಂದಿಳಿದಳು. ಹೊರಡುವ ಬಸ್ಸು ಮಧ್ಯಾಹ್ನಕ್ಕೆ. ನಿಲ್ದಾಣದಲ್ಲಿ ಜನವೋ ಜನ. ಅವನು ಚೀಲವನ್ನು ಮೇಲಿಟ್ಟು, ಮಗಳನ್ನು ಕಿಟಕಿಯ ಪಕ್ಕ ಕೂರಿಸಿ, ಶಾಲನ್ನು ಕುತ್ತಿಗೆಗೆ ಸುತ್ತಿದ. ಒಮ್ಮೆ ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದ. ದೊಡ್ಡಮ್ಮ ಬ್ಯಾಗಿನಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು, "ತಗೋ ಚಿನ್ನ, ಎಲ್ಲಾ ನಿಂಗೇ," ಎಂದಳು.

ಮಗು ಪೊಟ್ಟಣ ಮುಟ್ಟಲಿಲ್ಲ. ದೊಡ್ಡಮ್ಮನ ಮುಖವನ್ನೇ ನೋಡಿ ಮೆಲ್ಲಗೆ ಕೇಳಿತು. "ದೊಡ್ಡಮ್ಮ, ನಿಮ್ಮನೇಲಿ ಇರಬೇಕು ಅಂದ್ರೆ ನಾನು ಏನೇನು ಬಿಡಬೇಕು?"

ದೊಡ್ಡಮ್ಮನಿಗೆ ತಿಳಿಯಲಿಲ್ಲ. ನಕ್ಕಳು. ಆಮೇಲೆ ಅವನ ಮುಖ ನೋಡಿದಳು, ನಗು ಅಲ್ಲೇ ನಿಂತಿತು.

ಅವನು ಸೀಟಿನ ಪಕ್ಕ ಮಂಡಿಯೂರಿದ. "ಏನೂ ಬಿಡಬೇಡ! ಕೇಳಿಸ್ತಾ? ಎಲ್ಲಾ ಬೇಕು ಅನ್ನು. ಹಾಲು ಬೇಕು ಅನ್ನು, ಫ್ರಾಕು ಬೇಕು ಅನ್ನು. ಕೊಡಿಸದಿದ್ರೆ ನೆಲಕ್ಕೆ ಬಿದ್ದು ಹೊರಳಾಡು. ದೊಡ್ಡಮ್ಮ ಏನೂ ಅನ್ನಲ್ಲ."

"ಹೂಂ," ಎಂದಳು. ಸ್ವಲ್ಪ ಯೋಚಿಸಿದಳು. "ಆಮೇಲೆ ಅವರಿಗೂ ಸಾಲದೇ ಹೋದ್ರೆ? ಅಲ್ಲಿಂದ ಎಲ್ಲಿಗೆ ಹೋಗ್ಲಿ?"

ಅಳುತ್ತ ಕೇಳಲಿಲ್ಲ. ಮುಂದಿನ ಸ್ಟಾಪು ಯಾವುದು ಎಂದು ಕಂಡಕ್ಟರನನ್ನು ಕೇಳುವ ಹಾಗೆ ಕೇಳಿದಳು. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿ, "ಇಳೀರಿ ಸಾರ್, ಇಳೀರಿ, ಕಳಿಸೋಕೆ ಬಂದವರೆಲ್ಲಾ ಇಳೀರಿ," ಎಂದು ತೋಳು ಹಿಡಿದು ಕೆಳಗಿಳಿಸಿದ. ಬಸ್ಸು ಕದಲಿತು.

ನೆಲಕ್ಕೆ ಕಾಲಿಟ್ಟ ಮೇಲೆ ಅವನಿಗೆ ಮಾತು ಬಂತು. ಬಸ್ಸಿನ ಪಕ್ಕದಲ್ಲೇ, ಜನರನ್ನು ತಳ್ಳಿಕೊಂಡು ಓಡಿದ. "ನನ್ನ ಹತ್ರ ಬಾ! ನನ್ನ ಹತ್ರಾನೇ ಬಾ ಮಗಳೇ!" ಎಂದು ಎರಡೂ ಕೈ ಮೇಲೆತ್ತಿ ಕೂಗಿದ. ಧೂಳು ಬರುತ್ತದೆಂದು ದೊಡ್ಡಮ್ಮ ಕಿಟಕಿಯ ಗಾಜು ಎಳೆದಿದ್ದಳು. ಅಪ್ಪ ಟಾಟಾ ಮಾಡುತ್ತಿದ್ದಾನೆಂದುಕೊಂಡು ಜಡ್ಜಮ್ಮ ಗಾಜಿನ ಆಚೆಯಿಂದ ಕೈ ಬೀಸಿದಳು.