ಪಂಕಜಮ್ಮನವರ ಹಸಿರು ಚುಕ್ಕೆ

ಪಂಕಜಮ್ಮನವರು ಯಾವ ವಸ್ತುವನ್ನೂ ಅಂಗೈ ತುಂಬ ಹಿಡಿದದ್ದನ್ನು ನಾನು ಕಂಡಿಲ್ಲ. ಕಾಫಿಯ ಲೋಟವಿರಲಿ, ಮದುವೆಯ ಕರೆಯೋಲೆಯಿರಲಿ, ಅರಿಶಿನ ಕುಂಕುಮದ ಜೊತೆ ಕೊಟ್ಟ ವೀಳ್ಯದೆಲೆಯಿರಲಿ, ಎರಡು ಬೆರಳುಗಳ ನಡುವೆ ಅಂಚನ್ನಷ್ಟೇ ಹಿಡಿದು, ಬೆಳಕಿನತ್ತ ತುಸು ಓರೆ ಮಾಡಿ, ಒಮ್ಮೆ ಪರಾಂಬರಿಸಿದ ಮೇಲೆಯೇ ಸ್ವೀಕರಿಸುತ್ತಾರೆ. ಮೊದಲ ಸಲ ಇದನ್ನು ನೋಡಿದ ನನ್ನ ತಾಯಿ, ಲೋಟ ಸರಿಯಾಗಿ ಬೆಳಗಿಲ್ಲವೇನೋ ಎಂದು ಮುಖ ಚಿಕ್ಕದು ಮಾಡಿಕೊಂಡಿದ್ದರು.

ಸರ್ಕಾರಿ ಯಂತ್ರ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದ ಜೀವ ಅದು. ನಿವೃತ್ತಿಯಾಗಿ ಹನ್ನೊಂದು ವರ್ಷವಾದರೂ ಕಾರ್ಖಾನೆಯ ನೀಲಿ ಕೋಟನ್ನು ಬಿಟ್ಟಿಲ್ಲ. ಸೀರೆಯ ಮೇಲೆ ಆ ಕೋಟು ತೊಟ್ಟು, ಜೇಬಿನ ಭೂತಗನ್ನಡಿ ಅಲುಗದಂತೆ ಬಲಗೈಯಲ್ಲಿ ಒತ್ತಿಕೊಂಡು, ಸೈರನ್ ಕೂಗುವುದರೊಳಗೆ ಗೇಟು ದಾಟಬೇಕೆಂಬ ಧಾವಂತದಲ್ಲಿ ಅವರು ರಾಜಗೋಪಾಲನಗರದ ಇಕ್ಕಟ್ಟು ಬೀದಿಗಳಲ್ಲಿ ನಡೆದು ಬರುವುದನ್ನು ನೋಡುವುದೇ ಒಂದು ಸೊಗಸು.

ಅವರು ಬರುವುದು ಪೀಣ್ಯದಲ್ಲಿ ಪ್ರತಿ ತಿಂಗಳ ಎರಡನೆಯ ಭಾನುವಾರ ಸೇರುವ ನಮ್ಮ ನಾಣ್ಯ ಸಂಗ್ರಾಹಕರ ಕೂಟಕ್ಕೆ. ಹಳೆಯ ನಾಣ್ಯವನ್ನು ಪರೀಕ್ಷಿಸಿ, ಎಪ್ಪತ್ತಕ್ಕೆ ಇಷ್ಟೆಂದು ಅಂಕ ಕೊಟ್ಟು, ಪಾರದರ್ಶಕ ಡಬ್ಬಿಯೊಳಗೆ ಭದ್ರಪಡಿಸಿ ಕಳಿಸುವ ಕಂಪನಿಗಳುಂಟು. ಆದರೆ ಆ ಅಂಕ ಎಷ್ಟೇ ಇರಲಿ, ನಮಗೆ ಸಮಾಧಾನವಾಗುವುದು ಪಂಕಜಮ್ಮನವರು ಮತ್ತೊಮ್ಮೆ ನೋಡಿ, ಡಬ್ಬಿಯ ಮೂಲೆಗೊಂದು ಪುಟ್ಟ ಹಸಿರು ಸ್ಟಿಕ್ಕರ್ ಅಂಟಿಸಿದಾಗಲೇ. ಅಂಟಿಸಲಿ, ನಿರಾಕರಿಸಲಿ, ಕೊನೆಗೆ ಒಂದೇ ಮಾತು: “ಇಷ್ಟು ನನಗೆ ಕಂಡಿದ್ದು.” ಕಂಪನಿಯವರ ಹತ್ತಿರ ದೊಡ್ಡ ದೊಡ್ಡ ಯಂತ್ರಗಳಿವೆ ಎಂದು ಒಮ್ಮೆ ಯಾರೋ ವಾದಕ್ಕಿಳಿದಾಗ ಅವರು ತಲೆಯೆತ್ತದೆಯೇ, “ಮಿಷನ್ನುಗಳನ್ನೂ ನಾನೇ ಚೆಕ್ ಮಾಡಿ ಕಳಿಸ್ತಿದ್ದೆ ಕಣ್ರೀ” ಎಂದಿದ್ದರು.

ನನ್ನದೊಂದು ಬೆಳ್ಳಿ ರೂಪಾಯಿಗೂ ಆ ಹಸಿರು ಚುಕ್ಕೆ ದೊರಕಿತ್ತು. ಅಜ್ಜಿಯಿಂದ ಬಂದ, ಐದನೆಯ ಜಾರ್ಜನ ಕಾಲದ ನಾಣ್ಯ. ಒಂದು ವರಮಹಾಲಕ್ಷ್ಮಿ ಹಬ್ಬದ ಮುಂಜಾನೆ ನನ್ನ ತಾಯಿ ಅದನ್ನು ಹುಣಸೆಹಣ್ಣು, ಬೂದಿ ಹಾಕಿ ತಳತಳನೆ ಬೆಳಗಿದ್ದರು. ದೇವಿಗೆ ಪ್ರಿಯವಾದ ಆ ಹೊಳಪು ಸಂಗ್ರಾಹಕರಿಗೆ ಮಹಾದೋಷ. ಉಜ್ಜಿದ ನಾಣ್ಯದ ಮೂಲ ಮೈಕಾಂತಿ ಹೋಗಿ ಕೂದಲೆಳೆಯಂಥ ಗೀರುಗಳು ಉಳಿಯುತ್ತವೆ. ಕಂಪನಿಯವರ ಕಣ್ಣಿಗೆ ಅದು ಬೀಳಲಿಲ್ಲ, ಪಂಕಜಮ್ಮನವರ ಕಣ್ಣಿಗೂ ಬೀಳಲಿಲ್ಲ. ಎಲ್ಲ ಗೊತ್ತಿದ್ದ ನಾನು ಬಾಯಿ ಬಿಡಲಿಲ್ಲ. ಆ ಚುಕ್ಕೆಯನ್ನೇ ನಂಬಿ ಕೂಟದ ಗೆಳೆಯ ಮಲ್ಲಿಕ್, ತಮ್ಮಲ್ಲಿದ್ದ ಅಪರೂಪದ ಎರಡು ಮೈಸೂರು ನಾಣ್ಯಗಳನ್ನು ಕೊಟ್ಟು ಅದನ್ನು ಪಡೆಯಲು ಒಪ್ಪಿದ್ದರು. ಭಾನುವಾರ ಕೈ ಬದಲಾಗಬೇಕಿತ್ತು.

ಬುಧವಾರ ಬೆಳಿಗ್ಗೆ ದೊಡ್ಡನೆಕ್ಕುಂದಿಯ ನಮ್ಮ ಮನೆಯ ಬಾಗಿಲಲ್ಲಿ ನೀಲಿ ಕೋಟು ನಿಂತಿತ್ತು. ಪೀಣ್ಯದ ಆ ತುದಿಯಿಂದ ಮೂರು ಬಸ್ಸು ಬದಲಾಯಿಸಿ ಬಂದಿದ್ದರು. “ಟಿಕೆಟ್ ಫ್ರೀ ಅಲ್ವಾ ಸಾರ್, ಸವೆಯೋದು ಕಾಲು ಮಾತ್ರ” ಎಂದು ನಕ್ಕು ಕುಳಿತವರು ಒಂದು ನೋಟುಪುಸ್ತಕ ತೆಗೆದರು.

“ಕಣ್ಣಿನ ಪೊರೆ ಆಪರೇಷನ್ ಆಯ್ತು. ನಮ್ಮನೆ ಗೋಡೆ ಕೆನೆಬಣ್ಣ ಅಂದ್ಕೊಂಡಿದ್ದೆ, ಕಣ್ಣಿನ ಪಟ್ಟಿ ಬಿಚ್ಚಿ ನೋಡಿದ್ರೆ ಅಚ್ಚ ಬಿಳಿ! ಮಸುಕಾಗಿದ್ದು ನನ್ನ ಕಣ್ಣು ಅಂತ ಆಗ ಗೊತ್ತಾಯ್ತು. ಎರಡು ವರ್ಷ ಆ ಕಣ್ಣಲ್ಲೇ ನಲವತ್ಮೂರು ನಾಣ್ಯ ಪಾಸ್ ಮಾಡಿದೀನಿ. ಒಂದೊಂದೇ ಮನೆಗೆ ಹೋಗಿ ನೋಡ್ಕೊಂಡು ಬರ್ತಿದೀನಿ. ನಿಮ್ಮದು ಹತ್ತೊಂಬತ್ತನೇದು.”

ಡಬ್ಬಿಯನ್ನು ತಂದುಕೊಟ್ಟೆ. ಅವರು ಕಿಟಕಿಯ ಬಳಿ ಹೋಗಿ, ಅಂಚು ಹಿಡಿದು, ಮೆಲ್ಲನೆ ಓರೆ ಮಾಡಿದರು. ಆಮೇಲೆ ಹೆಬ್ಬೆರಳಿನ ಉಗುರಿನಿಂದ ಹಸಿರು ಚುಕ್ಕೆಯನ್ನು ಕಿತ್ತು, ಅಂಟು ಉಳಿದ ಜಾಗವನ್ನು ಸೆರಗಿನಿಂದ ಒರೆಸಿ, ನನಗೆ ಕೈಮುಗಿದರು.

“ತಪ್ಪಾಯ್ತು ಸಾರ್. ಯಾರೋ ಉಜ್ಜಿದಾರೆ. ಇಷ್ಟು ನನಗೆ ಕಂಡಿದ್ದು.”

ಎಪ್ಪತ್ತೊಂದರ ಆ ಹಿರಿಯರು ನನ್ನೆದುರು ಕೈಮುಗಿದು ನಿಂತದ್ದನ್ನು ನೋಡಿ ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಎಲ್ಲವನ್ನೂ ಹೇಳಿಬಿಟ್ಟೆ, ಹುಣಸೆಹಣ್ಣನ್ನೂ, ನನ್ನ ಮೌನವನ್ನೂ, ಮಲ್ಲಿಕ್ ಜೊತೆ ಆಗಿದ್ದ ಒಪ್ಪಂದವನ್ನೂ. ಬೈಯುತ್ತಾರೆಂದು ಕಾದೆ. ಅವರು ಭೂತಗನ್ನಡಿಯನ್ನು ಒರೆಸಿ ಜೇಬಿಗಿಳಿಸಿದರು.

“ನೀವು ಹೇಳ್ಲಿಲ್ಲ, ಅದು ನಿಮಗೆ ಬಿಟ್ಟಿದ್ದು. ಫ್ಯಾಕ್ಟರೀಲಿ ಯಾವ ಷಾಫ್ಟು ತಾನೇ ನನ್ನಲ್ಲಿ ಬಿರುಕಿದೆ ಅಂತ ಬಾಯ್ಬಿಟ್ಟು ಹೇಳ್ತಿತ್ತು? ನೋಡ್ಬೇಕಾದ್ದು ನನ್ನ ಕೆಲಸ.” ಬಾಗಿಲ ಬಳಿ ನಿಂತು ಕೇಳಿದರು: “ಮಲ್ಲಿಕ್ ಅವರಿಗೆ ನಾನು ಹೇಳ್ಲಾ, ನೀವೇ ಹೇಳ್ತೀರಾ?”

“ನಾನೇ ಹೇಳ್ತೀನಿ” ಎಂದೆ. ಅವರು ಆಯಿತೆಂದು ತಲೆಯಾಡಿಸಿ, ಇಪ್ಪತ್ತನೆಯ ಮನೆ ಪಟ್ಟಂದೂರು ಅಗ್ರಹಾರದಲ್ಲಿದೆ ಎಂದು ಬಸ್ಸಿನ ನಂಬರು ವಿಚಾರಿಸಿಕೊಂಡು ಹೊರಟರು.

ಮಲ್ಲಿಕ್‌ಗೆ ಅಂದೇ ಫೋನು ಮಾಡಿದೆ. ಮೈಸೂರು ನಾಣ್ಯಗಳು ಕೈತಪ್ಪಿದವು, ಗೆಳೆತನ ಉಳಿಯಿತು. ಡಬ್ಬಿಯನ್ನು ಒಡೆದು ರೂಪಾಯಿಯನ್ನು ತಾಯಿಯ ಕೈಗಿತ್ತೆ. ಈ ಶ್ರಾವಣದಲ್ಲಿ ಅವರು ಅದನ್ನು ಮತ್ತೆ ಹುಣಸೆಹಣ್ಣಿನಿಂದ ಮನಸಾರೆ ಬೆಳಗಿದರು. ಅದು ಕಲಶದ ಮುಂದೆ ಹೊಳೆಯುತ್ತಿದ್ದಾಗ ನಾನು ನೆನೆದದ್ದು ಪಂಕಜಮ್ಮನವರನ್ನೇ.

ಸರಿಯೆಂದು ಸಹಿ ಹಾಕಿ ಮರೆಯುವವರಿಗೆ ಲೋಕದಲ್ಲಿ ಬರವಿಲ್ಲ. ಹಾಕಿದ ಸಹಿಯನ್ನು ಮೂರು ಬಸ್ಸು ಹತ್ತಿ ಹುಡುಕಿಕೊಂಡು ಬಂದು, ತಪ್ಪಿದ್ದರೆ ತಾವೇ ಕಿತ್ತು, ಕೈಮುಗಿದು ಹೋಗುವವರು ಬೇರೆಯದೇ ಕುಲದವರು. ನಾವು ನಿತ್ಯ ಹತ್ತುವ ಲಿಫ್ಟಿನ ಹಗ್ಗವನ್ನೋ, ಮಗುವಿಗೆ ಕುಡಿಸುವ ಔಷಧಿಯ ಸೀಸೆಯನ್ನೋ ಎಲ್ಲೋ ಒಂದು ಕಡೆ ಅಂಥವರು ಬೆಳಕಿಗೆ ಹಿಡಿದು ನೋಡಿರುತ್ತಾರೆ. ಆ ಭರವಸೆಯಲ್ಲೇ ನಮ್ಮ ದಿನಗಳು ಸುಸೂತ್ರವಾಗಿ ಸಾಗುತ್ತವೆ, ಅವರ ಹೆಸರು ಮಾತ್ರ ನಮಗೆ ತಿಳಿಯುವುದಿಲ್ಲ. ನನ್ನ ಪುಣ್ಯ, ಒಬ್ಬರ ಹೆಸರು ನನಗೆ ಗೊತ್ತಿದೆ.