ಮೈಲಾರಪ್ಪ ವ್ಯಾನು ಹತ್ತಿದ ದಿನ

ಜಗಳೂರು ಸೀಮೆಯ ಹಟ್ಟಿಯೊಂದರಲ್ಲಿ ಕುರಿ ಕಾಯುತ್ತಿದ್ದ ಮೈಲಾರಪ್ಪನಿಗೆ ತೋಳ ಕಂಡರೆ ಹೆದರಿಕೆಯಿರಲಿಲ್ಲ, ಹಾವು ಕಂಡರೂ ಇರಲಿಲ್ಲ. ಎಪ್ಪತ್ತಾರನೇ ಇಸವಿಯಲ್ಲಿ ಅವನು ಹೆದರಿದ್ದು ಒಂದಕ್ಕೇ, ಸರ್ಕಾರಿ ವ್ಯಾನಿಗೆ. ಆಗ ತುರ್ತು ಪರಿಸ್ಥಿತಿ. ಮೂರು ಮಕ್ಕಳಾದ ಗಂಡಸರನ್ನು ಏನೋ ನೆಪ ಹೇಳಿ ವ್ಯಾನು ಹತ್ತಿಸಿ, ಆಪರೇಷನ್ ಮಾಡಿಸಿ ಕಳಿಸುತ್ತಾರೆಂಬ ಸುದ್ದಿ ಸಂತೆಯಿಂದ ಸಂತೆಗೆ ಓಡಾಡುತ್ತಿತ್ತು. ಮೈಲಾರಪ್ಪನಿಗೆ ಮೂವರು ಹೆಣ್ಣುಮಕ್ಕಳು.

ಆಪರೇಷನ್ ಅಂದರೆ ಏನೆಂದು ಅವನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇಲ್ಲವೆಂದುಕೊಂಡಿದ್ದ. ವರ್ಷವರ್ಷ ಟಗರುಮರಿಗಳ ಬೀಜ ಒಡೆಯುವಾಗ ಅವುಗಳ ಹಿಂಗಾಲು ಹಿಡಿದು ಕೂರುತ್ತಿದ್ದವನು ಅವನೇ ತಾನೇ? ಅಲ್ಲಿಯವರೆಗೆ ಗುಮ್ಮಲು ಬರುತ್ತಿದ್ದ ಟಗರು ಆಮೇಲೆ ತಲೆ ತಗ್ಗಿಸಿ ಮೇಯುತ್ತದೆ, ಕೊಬ್ಬುತ್ತದೆ, ಕಟುಕನ ಕೈ ಸೇರುತ್ತದೆ. ತನಗೂ ಅದೇ ಗತಿ ಎಂದು ಅವನು ನಂಬಿಬಿಟ್ಟಿದ್ದ. ನಗಬೇಡಿ. ಆ ಕಾಲುಗಳ ಒದ್ದಾಟವನ್ನು ಕೈಯಲ್ಲಿ ಹಿಡಿದವನಿಗೆ ಮಾತ್ರ ಆ ಭಯ ಗೊತ್ತು.

ಹೀಗಿರುವಾಗ ಊರಿಗೆ ಹೊಸದಾಗಿ ಬಂದ ಗ್ರಾಮಸೇವಕ ಮಲ್ಲಿಕಾರ್ಜುನಪ್ಪ ಒಂದು ಸುದ್ದಿ ತಂದ. ಕತ್ತಲಗೆರೆಯ ಫಾರಂ ನೋಡಲು ವ್ಯಾನು ಬರುತ್ತದೆ, ಹೊಸ ಜೋಳ, ಹೊಸ ಶೇಂಗಾ ತೋರಿಸುತ್ತಾರೆ, ಊಟ ಪುಕ್ಕಟೆ, ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್ಸು. ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದೊಡನೆ ಮೈಲಾರಪ್ಪ ತಾನು ಒಲ್ಲೆನೆಂದ. ಆದರೆ ಹೆಂಡತಿ ಕರಿಯಕ್ಕ ಹಿಡಿದ ಪಟ್ಟು ಬಿಡಲಿಲ್ಲ.

"ಕುರಿ ಬಾಲ ನೋಡಿ ನೋಡಿ ನಿಮ್ಮ ಕಣ್ಣಿಗೆ ಬ್ಯಾರೆ ಏನೂ ಕಾಣದಂಗೆ ಆಗೈತೆ. ಒಂದಿನ ಹೊರಗೆ ಹೋಗಿ ಬರ್ರಿ. ನೀರಿರೋ ಕಡೆ ಜನ ಹೆಂಗೆ ಬದುಕ್ತಾರೆ ನೋಡ್ರಿ," ಎಂದಳು.

ಹೆಂಡತಿಯ ಮುಂದೆ ಇಂಥ ಭಯ ಹೇಳಿಕೊಳ್ಳುವುದು ಯಾವ ಗಂಡಸಿಗೆ ಸಾಧ್ಯ? ಪಕ್ಕದ ಹೊಲದ ನನ್ನೇಸಾಬ, ಐದು ಮಕ್ಕಳ ತಂದೆ, ಎಲ್ಲರಿಗಿಂತ ಮೊದಲೇ ವ್ಯಾನಿನಲ್ಲಿ ಕಿಟಕಿ ಹಿಡಿದು ಕೂತಿದ್ದ. ಮೈಲಾರಪ್ಪ ಅವನ ಪಕ್ಕದಲ್ಲಿ ಮುದುಡಿ ಕೂತ.

ದಾವಣಗೆರೆ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಹಸಿರು ಗದ್ದೆ. "ನೋಡೋ ಮೈಲಾರಿ, ಕಾಲುವೇಲಿ ನೀರು ಹೆಂಗೆ ಹರೀತೈತೆ! ನಮ್ಮ ಕಡೆ ಇದರಾಗೆ ಅರ್ಧ ಇದ್ದಿದ್ರೆ..." ಎಂದು ನನ್ನೇಸಾಬ ಕೂಗಿದ. ಮೈಲಾರಪ್ಪ ಕಾಲುವೆ ನೋಡಲಿಲ್ಲ. ಗೋಡೆಗೋಡೆಯ ಮೇಲೂ ಬಳಿದಿದ್ದ ಕುಟುಂಬ ಯೋಜನೆಯ ಕೆಂಪು ತ್ರಿಕೋನ ನೋಡಿದ, ಆಮೇಲೆ ವ್ಯಾನಿನ ಬಾಗಿಲಿನ ಚಿಲಕ ನೋಡಿದ.

ಫಾರಂನಲ್ಲಿ ಎಲ್ಲರನ್ನೂ ಉದ್ದನೆಯ ಕಟ್ಟಡವೊಂದರ ಮುಂದೆ ನಿಲ್ಲಿಸಿದರು. ಬಿಳಿ ಕೋಟು ತೊಟ್ಟವನೊಬ್ಬ ಹೊರಗೆ ಬಂದ. ಅವನ ಕೈಯಲ್ಲಿ ಸ್ಟೀಲಿನ ತಟ್ಟೆ, ತಟ್ಟೆಯಲ್ಲಿ ಫಳಫಳ ಹೊಳೆಯುವ ಚಿಮಟ. "ರೂಮು ಚಿಕ್ಕದೈತೆ, ಒಬ್ಬೊಬ್ರೇ ಒಳಗೆ ಬರ್ರಿ," ಎಂದ.

ಮೈಲಾರಪ್ಪ ಸಾಲಿನಿಂದ ಹಿಂದೆ ಸರಿದ. ಹೊಟ್ಟೆನೋವೆಂದು ಹೇಳಿ ಬೇವಿನ ಮರದ ಕೆಳಗೆ ಕೂತ. ಓಡಬೇಕೆಂದರೆ ದಾರಿ ಗೊತ್ತಿಲ್ಲ, ಕೂಗಬೇಕೆಂದರೆ ಕೇಳುವವರೆಲ್ಲ ಸರ್ಕಾರದ ಕಡೆಯವರೇ. ಅಷ್ಟರಲ್ಲಿ ಭುಜದ ಮೇಲೊಂದು ಕೈ ಬಿತ್ತು. ಗ್ರಾಮಸೇವಕ.

"ಮೈಲಾರಪ್ಪ, ನಿನಗೆಷ್ಟು ಮಕ್ಕಳಪ್ಪ?"

"ನನಗಾ? ನನಗೆ ಮದುವೇನೇ ಆಗಿಲ್ರೀ ಸಾಹೇಬ್ರೆ."

ಒಳಗೆ ಚಿಮಟದಿಂದ ಮೊಳಕೆ ಕಾಳು ಎತ್ತಿ ತೋರಿಸುವುದನ್ನು ನೋಡಿಕೊಂಡು ಆಗತಾನೇ ಹೊರಗೆ ಬಂದ ನನ್ನೇಸಾಬ ಈ ಮಾತು ಕೇಳಿ ಬಾಯಿ ತೆರೆದ. ಗೆಳೆಯನ ಮುಖದ ಬಣ್ಣ ನೋಡಿ ಹಾಗೆಯೇ ಮುಚ್ಚಿಕೊಂಡ.

"ಹಂಗಾ? ಮಕ್ಕಳಿರೋರಿಗೆ ಫಾರಂನೋರು ಮಗೀಗೊಂದು ಪರಂಗಿ ಹಣ್ಣು ಕೊಡ್ತಾರೆ, ಅದಕ್ಕೆ ಕೇಳ್ದೆ," ಎಂದು ಗ್ರಾಮಸೇವಕ ಮುಂದೆ ಹೋದ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಎದೆ ಹಗುರಾಗುತ್ತಿತ್ತು. ಈ ಮಹಾರಾಯನಿಗೆ ಭಯ ಇಮ್ಮಡಿಯಾಯಿತು. ಟಗರನ್ನು ಹಿಡಿಯುವ ಮೊದಲು ತಾನೂ ಹಸಿ ಸೊಪ್ಪು ತೋರಿಸುತ್ತಿದ್ದನಲ್ಲ! ವ್ಯಾನಿನಲ್ಲಿ ನನ್ನೇಸಾಬ ತನ್ನ ಮಡಿಲಿನ ಹಣ್ಣುಗಳಲ್ಲಿ ಎರಡನ್ನು ಸದ್ದಿಲ್ಲದೆ ಇವನತ್ತ ಸರಿಸಿದ. ಮುಟ್ಟಿದರೆ ಕೈ ಸುಡುತ್ತದೇನೋ ಎಂಬಂತೆ ಇವನು ಹಿಂದಕ್ಕೆ ತಳ್ಳಿದ. ಇಡೀ ದಿನದ ಗದ್ದೆ, ತೋಟ, ಆಳೆತ್ತರದ ಜೋಳ, ಯಾವುದೂ ಅವನ ಕಣ್ಣಿಗೆ ಇಳಿಯಲೇ ಇಲ್ಲ.

ಸಂಜೆ ವ್ಯಾನು ಹಟ್ಟಿಯ ಮುಂದೆ ನಿಂತಿತು. ಮೈಲಾರಪ್ಪ ಇಳಿದು ನೆಲಕ್ಕೆ ಕಾಲೂರಿದ್ದೇ ತಡ, ಹಿರಿಯ ಮಗಳು ಅಂಜಿನಿ ಓಡಿ ಬಂದು ಅವನ ಕಾಲು ತಬ್ಬಿಕೊಂಡಳು. ಆರು ವರ್ಷದ ಕೂಸು. ಅವಳು ಬಾಯಿ ತೆರೆಯುವ ಮೊದಲೇ ಅವನು ಅವಳ ಭುಜವನ್ನು ಗಟ್ಟಿಯಾಗಿ ಅದುಮಿದ.

"ಯಾರೋ ಇವಳು?" ಗ್ರಾಮಸೇವಕ ಕಿಟಕಿಯಿಂದ ಕೇಳಿದ.

"ಅಣ್ಣನ ಮಗಳು ಸಾಹೇಬ್ರೆ."

ಮೈಲಾರಪ್ಪನಿಗೆ ಅಣ್ಣನೇ ಇರಲಿಲ್ಲ. ಗ್ರಾಮಸೇವಕ ಪಾಪ ಒಳ್ಳೆಯವನು. ಉಳಿದಿದ್ದ ಒಂದು ಹಣ್ಣನ್ನು ಕಿಟಕಿಯಿಂದ ಚಾಚಿ, "ಬಾರವ್ವಾ, ತಗೋ. ಯಾರ ಮಗಳು ನೀನು?" ಎಂದ.

ಅಂಜಿನಿ ತಲೆಯೆತ್ತಿ ಅಪ್ಪನ ಮುಖ ನೋಡಿದಳು. ಅಂಥ ಮುಖವನ್ನು ಅವಳು ಎಂದೂ ಕಂಡಿರಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ದೊಡ್ಡಪ್ಪನ ಮಗಳು ರೀ," ಎಂದಳು. ಹಣ್ಣು ತೆಗೆದುಕೊಳ್ಳಲಿಲ್ಲ.

ವ್ಯಾನು ಹೊರಟಿತು. ಮೈಲಾರಪ್ಪನಿಗೆ ಆ ದಿನ ಮೊದಲ ಸಲ ಉಸಿರು ಪೂರ್ತಿ ಒಳಗೆ ಹೋಯಿತು. ನಾಚಿಕೆಯೂ ಆಯಿತು. ಮಗಳನ್ನು ಎತ್ತಿಕೊಳ್ಳಲು ಬಗ್ಗಿದ. ಅವಳ ಮೈ ಕಟ್ಟಿಗೆಯ ಹಾಗೆ ಬಿಗಿದಿತ್ತು, ಕಣ್ಣು ಇನ್ನೂ ರಸ್ತೆಯ ಮೇಲೇ ಇತ್ತು. ಅವನ ಕಿವಿಯ ಹತ್ತಿರ ಬಾಯಿ ತಂದು ಅವಳು ಪಿಸುಗುಟ್ಟಿದಳು:

"ಅವರು ಹೋದ್ರಾ, ಚಿಕ್ಕಪ್ಪಾ?"