ನಂಬರಿಲ್ಲದ ಅರವತ್ತು ಕಾರ್ಡು

ಬೀದಿಯ ನೇಕಾರ ಶಂಕರ್ ದೇವಣ್ಣನ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಇನ್ನೇನು ಲಾಳಿ ಎಸೆಯಬೇಕು, ಕೈ ಅಲ್ಲೇ ನಿಂತಿತು. ತಲೆಯ ಮೇಲಿನ ಜಕಾರ್ಡಿನಲ್ಲಿ ಒಂದೂ ಕಾರ್ಡಿರಲಿಲ್ಲ. ಸೀರೆಯ ಚಿತ್ರ ಮೂಡಿಸಬೇಕಾದ, ತೂತು ಹೊಡೆದ ರಟ್ಟಿನ ಪಟ್ಟಿಗಳು ಬುಟ್ಟಿಯಲ್ಲಿ ಅಡ್ಡಾದಿಡ್ಡಿ ಬಿದ್ದಿದ್ದವು.

"ಅಕ್ಕೋ, ಇದನ್ನ ಬಿಚ್ದೋರ್ ಯಾರು?"

"ಅವರೇ ಕಣಪ್ಪ," ಎಂದಳು ಅನಸೂಯಮ್ಮ, ಗಂಡನ ಹೆಣದ ತಲೆದೆಸೆಯಿಂದ ಏಳದೆ. "ದಾರ ಸಡ್ಲ ಆಗ್ಯದೆ, ಬ್ಯಾರೆ ಹೊಲಿತೀನಿ ಅಂತ ನೆನ್ನೆ ಸಾಯಂಕಾಲ ಬಿಚ್ಚುದ್ರು. ಕಾಪಿ ತಕಂಡು ಬರೋವತ್ಗೆ ಗೋಡೆಗೆ ಒರಗಿಬುಟ್ಟಿದ್ರು."

"ಒಂದ್ಕೂ ನಂಬರ್ ಬರ್ದಿಲ್ವಲ್ಲ!"

ಐವತ್ತು ವರ್ಷ ರೇಷ್ಮೆ ನೇಯ್ದ ದೇವಣ್ಣ ಯಾವ ಕಾರ್ಡಿಗೂ ನಂಬರು ಬರೆದವನಲ್ಲ. ನಂಬರೆಲ್ಲ ಮರೆಗುಳಿಗಳಿಗೆ ಎಂದು ಅವನ ಜಂಬ. ಆ ಜಂಬದ ಫಲವನ್ನು ಈಗ ಇಡೀ ಬೀದಿ ಉಣ್ಣಬೇಕಾಗಿ ಬಂತು.

ಕೊಳ್ಳೇಗಾಲದ ಆ ನೇಕಾರರ ಬೀದಿಯಲ್ಲೊಂದು ಪದ್ಧತಿ. ನೇಯುವವನು ಸತ್ತರೆ ಅವನ ಮಗ್ಗದ ಮೇಲಿನ ಸೀರೆಯನ್ನು ಉಳಿದವರು ನೇಯ್ದು ಮುಗಿಸಬೇಕು. ಅದನ್ನು ಹೆಣದ ಮೇಲೆ ಹೊದಿಸಿ ಬೀದಿಯ ತಿರುವಿನವರೆಗೆ ಒಯ್ದು, ಅಲ್ಲಿ ಹೆಂಡತಿಯ ಕೈಗೆ ಕೊಡಬೇಕು. ಅರ್ಧ ಸೀರೆ ಕೊಯ್ದದ್ದನ್ನು ಆ ಬೀದಿ ಕಂಡಿರಲಿಲ್ಲ. ದೇವಣ್ಣನ ಸೆರಗಿನಲ್ಲಿ ಹಂಸವೊಂದರ ಮೈ ಮುಗಿದಿತ್ತು. ತಲೆ, ಕತ್ತು ಬಾಕಿ. ಎರಡು ಬೆರಳಗಲ, ಅಷ್ಟೇ. ಆದರೆ ಅರವತ್ತು ಕಾರ್ಡು ಸರಿಯಾದ ಸಾಲಿಗೆ ಬಾರದೆ ಒಂದೆಳೆಯೂ ಮುಂದಕ್ಕೆ ಹೋಗುವಂತಿರಲಿಲ್ಲ. ಗಂಟೆ ಒಂಬತ್ತೂವರೆ. ಬುಧವಾರ, ಹನ್ನೆರಡಕ್ಕೆ ರಾಹುಕಾಲ, ಅಷ್ಟರೊಳಗೆ ಹೆಣ ಎತ್ತಬೇಕು.

"ಆಗ್ದೇ ಇದ್ರೆ ಇಷ್ಟಕ್ಕೇ ಕೊಯ್ದುಬುಡವ," ಎಂದರು ಯಳಂದೂರಿನಿಂದ ಬಂದ ನೆಂಟರು.

"ಬ್ಯಾಡಿ!" ಅನಸೂಯಮ್ಮ ಚೀರಿದಳು. "ತಲೆ ಇಲ್ದಿರೋ ಅಂಸ ಮೇಲಾಕಿ ಕಳುಸ್ಬೇಡಿ ಅವರ್ನ."

ಬಾಗಿಲಲ್ಲಿ ಕ್ಲಾಸಿನ ಗೆಳೆಯರ ನಡುವೆ ನಿಂತಿದ್ದ ಪಕ್ಕದ ಮನೆಯ ಮಧು, ಹದಿನಾಲ್ಕರ ಹುಡುಗ, ಬುಟ್ಟಿಯಿಂದ ಕಣ್ಣು ಕಿತ್ತು ನೆಲ ನೋಡಿದ.

*

ಮಧು ಏಳು ವರ್ಷದವನಾಗಿದ್ದಾಗ ಒಂದು ವಾರ ಮಾತಿಲ್ಲದೆ ದೇವಣ್ಣನ ಮಗ್ಗದ ಪಕ್ಕ ಕೂತಿದ್ದ. ಎಂಟನೆಯ ದಿನ ಬಾಯಿಬಿಟ್ಟ.

"ತಾತ, ಆ ಕಾರ್ಡಲ್ಲಿ ಒಂದ್ ತೂತು ಕಮ್ಮಿ ಅದೆ."

ದೇವಣ್ಣ ನಕ್ಕ. ಆಮೇಲೆ ಯಾಕೋ ಎದ್ದು ನೋಡಿದ. ಕಮ್ಮಿ ಇತ್ತು! ಆ ತಪ್ಪಿನ ಸಮೇತ ಮೂರು ಸೀರೆ ಅಂಗಡಿಗೆ ಹೋಗಿದ್ದವು, ಒಬ್ಬರೂ ಕಂಡಿರಲಿಲ್ಲ. ದೇವಣ್ಣನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಹುಡುಗನಿಗೊಂದು ಗ್ರಾಫ್ ಹಾಳೆ ಕೊಟ್ಟು ಹಂಸ ಬರಿ ಎಂದ. ಮಧು ಚೌಕ ಚೌಕ ತುಂಬಿ ಬರೆದ.

"ಅಂಸ ಯಾಕ್ಲಾ ಇಂದಕ್ಕೆ ತಿರುಗ್ಯದೆ?"

"ಮರಿ ಬತ್ತಾ ಅದಾ ಅಂತ ನೋಡ್ತಾ ಅದೆ."

ದೇವಣ್ಣ ಹಾಳೆಯನ್ನು ಮಡಚಿ ಜಂತೆಯ ಸಂದಿಗೆ ಸಿಕ್ಕಿಸಿದ. ಅಂದಿನಿಂದ ಮಗ್ಗದ ಪಕ್ಕದಲ್ಲಿ ಹುಡುಗನದೇ ಒಂದು ಮಣೆ ಬಂತು.

*

ಶಂಕರ್ ಅರ್ಧ ಗಂಟೆ ಬೆವರು ಸುರಿಸಿ ಹತ್ತು ಕಾರ್ಡು ಜೋಡಿಸಿದ, ಆಮೇಲೆ ಅದನ್ನೂ ಕಲಸಿಬಿಟ್ಟ. ಮಧು ತನಗೇ ಗೊತ್ತಿಲ್ಲದೆ ಒಂದು ಹೆಜ್ಜೆ ಒಳಗಿಟ್ಟಿದ್ದ.

"ಈಚೆ ಬಾರ್ಲಾ, ದೊಡ್ಡೋರ್ ಕೆಲ್ಸ ಅದು," ಎಂದು ಗದರಿದ ಅವನಪ್ಪ ದಿನೇಶ್. ಗೆಳೆಯನೊಬ್ಬ ಮೊಣಕೈಯಲ್ಲಿ ತಿವಿದು, "ಕಂಪ್ಯೂಟ್ರು ಆನ್ ಆಯ್ತು ಕಣ್ಲಾ," ಎಂದು ಪಿಸುಗುಟ್ಟಿದ. ಮಧು ಹಿಂದೆ ಸರಿದ.

*

ಕಂಪ್ಯೂಟರ್ ಎಂಬ ಆ ಅಡ್ಡಹೆಸರು ಎರಡು ವರ್ಷದ ಹಿಂದಿನದು. ಬೋರ್ಡಿನ ಮೇಲಿನ ಲೆಕ್ಕದಲ್ಲಿ ತಪ್ಪಿದೆ ಎಂದು ಕ್ಲಾಸಿನಲ್ಲಿ ಎದ್ದು ಹೇಳಿದ ದಿನ ಅಂಟಿಕೊಂಡದ್ದು. ಆಟಕ್ಕೆ ಕರೆಯುವವರಿಲ್ಲವಾದರು. ಆಮೇಲೆ ಮಧು ಬೇಕೆಂದೇ ತಪ್ಪು ಬರೆಯತೊಡಗಿದ. ಮಾರ್ಕ್ಸ್ ಇಳಿಯಿತು, ಗೆಳೆಯರು ಸಿಕ್ಕಿದರು. 'ಸದ್ಯ, ಎಲ್ಲಾ ಐಕಳಂಗಾದ' ಎಂದು ದಿನೇಶನಿಗೂ ನೆಮ್ಮದಿ.

ದೇವಣ್ಣ ಮಾತ್ರ ಪರೀಕ್ಷೆಯ ಹಾಳೆ ಇಸಿದುಕೊಂಡು, ಸೀರೆ ನೋಡುವ ಹಾಗೆ ಬೆಳಕಿಗೆ ಹಿಡಿದ.

"ಮೂರ್ನೇದು ತಪ್ಪು, ಆರ್ನೇದು ತಪ್ಪು, ಒಂಬತ್ನೇದು ತಪ್ಪು. ತಪ್ಪಲ್ಲೂ ಡಿಸೈನ್ ಮಾಡಿದ್ದೀಯಲ್ಲೋ!"

ಮಧು ಅತ್ತೇಬಿಟ್ಟ. ದೇವಣ್ಣ ಬೈಯಲಿಲ್ಲ, ಅವರಪ್ಪನಿಗೆ ಹೇಳಲೂ ಇಲ್ಲ.

"ಬಚ್ಚುಟ್ಕೊ ಮಗ, ಬ್ಯಾಡ ಅನ್ನಲ್ಲ. ಬಚ್ಚಿಟ್ಟ ಜಾಗ ಮಾತ್ರ ಮರೀಬ್ಯಾಡ."

*

"ಕತ್ತರಿ ತತ್ತಾ," ಎಂದ ಶಂಕರ್ ಸೋತ ದನಿಯಲ್ಲಿ.

"ಕೊಯ್ಬೇಡಿ ಶಂಕ್ರಣ್ಣ!" ಮಧುವಿನ ದನಿ ಒಡೆದು ಮೇಲಕ್ಕೆ ಹೋಯಿತು. "ನಾನು ಜೋಡುಸ್ತೀನಿ."

ಯಾರಾದರೂ ತಡೆಯುವ ಮೊದಲೇ ಅವನು ಬುಟ್ಟಿ ಬೋರಲು ಹಾಕಿ ನೆಲದಲ್ಲಿ ಮಂಡಿಯೂರಿದ. ಬೆರಳು ತೂತುಗಳ ಮೇಲೆ ಓಡಿತು. ಇದು ಕತ್ತಿನದು, ಇದೂ ಕತ್ತಿನದು, ಇದು ಕಣ್ಣು. ಪಟಪಟನೆ ಇಪ್ಪತ್ತು ಕೂತವು. ಆಮೇಲೆ ನಿಂತ. ಕೊಕ್ಕಿನ ತೂತುಗಳು ಬಾಲದ ಕಡೆಗೆ ಬರುತ್ತಿದ್ದವು.

"ತಿರುಗಾಮುರುಗಾ ಇಟ್ಟಿದ್ದೀಯ, ಮಗುಚಾಕ್ಲಾ," ಎಂದ ಶಂಕರ್. "ಅವಂದು ಯಾವತ್ತೂ ಮುಂದಕ್ಕೆ ನೋಡೋ ಅಂಸ."

ಮಧು ಜಂತೆಯ ಕಡೆ ಕತ್ತೆತ್ತಿದ. ಸಂದಿ ಖಾಲಿಯಿತ್ತು. ತಾನು ಬರೆದ ಹಂಸದ ಹಾಳೆ ಮಗ್ಗದ ಕಂಬದಲ್ಲೂ ಇರಲಿಲ್ಲ, ಬುಟ್ಟಿಯಲ್ಲೂ ಇರಲಿಲ್ಲ. ಅವನಿಗೆ ಅದು ಬೇಕಾಗಿಯೂ ಇರಲಿಲ್ಲ.

"ತಿರುಗಾಮುರುಗಾ ಆಗಿಲ್ಲ. ಈ ಅಂಸ ನಂಗೊತ್ತು."

ಮುಂದೆ ಅವನು ಹುಡುಕಲೇ ಇಲ್ಲ, ಕೈಗೆ ಬಂದದ್ದನ್ನು ಅದರ ಜಾಗಕ್ಕೆ ಇಡುತ್ತ ಹೋದ. "ದಾರ! ದಾರ ಕೊಡ್ರೋ!" ಎಂದು ಕೂಗಿದವನು ದಿನೇಶ್. ಹೆಂಗಸರು ಸಾಲಾಗಿ ಕೂತು ಕಾರ್ಡು ಹೊಲಿದರು. ತಿವಿದಿದ್ದ ಹುಡುಗನೇ ಮೊಣಕಾಲೂರಿ, "ಮುಂದಿನ್ದು ಯಾವ್ದೋ, ಬೇಗ ಯೋಳೋ," ಎಂದು ಕಾರ್ಡು ದಾಟಿಸತೊಡಗಿದ. ಹನ್ನೊಂದೂಕಾಲಿಗೆ ಅರವತ್ತೂ ಜಕಾರ್ಡಿಗೇರಿದವು. ಶಂಕರ್ ಗುಂಡಿಗಿಳಿದ, ಲಾಳಿ ಓಡಿತು. ಸಾವಿನ ಮನೆ ಎಂಬುದನ್ನು ಮರೆತು ಜನ ಒಂದೊಂದೆಳೆಗೂ ಕತ್ತು ಚಾಚಿದರು.

"ಒತ್ತಾಯ್ತು, ಒತ್ತಾಯ್ತು," ಎಂದು ನೆಂಟರು ಒದ್ದಾಡಿದರು.

"ಅನ್ನೆರಡ್ಕೆ ಇನ್ನೂ ಇಪ್ಪತ್ ನಿಮ್ಸ ಅದೆ, ತಡ್ಕಳಿ! ನನ್ಮಗ ಜೋಡ್ಸವ್ನೆ!" ಎಂದ ದಿನೇಶ್.

ಕೊನೆಯ ಎಳೆ ಬಿದ್ದಾಗ ಶಂಕರ್ ಜರಿಯ ಮೇಲೆ ಕೈಯಾಡಿಸಿದ. "ಇದ್ಯಾಕೆ ಇಂಗ್ ನೇಯ್ದ ದೇವಣ್ಣ?"

ಅನಸೂಯಮ್ಮ ಗಂಡನ ಅಂಗಿಯ ಜೇಬಿನಿಂದ ಮಡಿಕೆ ಸವೆದ ಗ್ರಾಫ್ ಹಾಳೆಯೊಂದನ್ನು ತೆಗೆದು, ಮಧುವಿನ ಕೈಗಿಟ್ಟಳು.

ಹನ್ನೆರಡಕ್ಕೆ ಮೊದಲೇ ಚಟ್ಟ ಎತ್ತಿದರು. ತಮಟೆ ಮುಂದೆ ಹೋಯಿತು. ದೇವಣ್ಣನ ಎದೆಯ ಮೇಲೆ ಹರಡಿದ ಸೆರಗಿನಲ್ಲಿ, ಬಿಸಿಲಿಗೆ ಮಿಂಚುತ್ತ, ಹಂಸ ಕತ್ತು ಹೊರಳಿಸಿ ಹಿಂದಕ್ಕೆ ನೋಡುತ್ತ ಸಾಗಿತು. ಮಧು ಅದರ ಹಿಂದೆಯೇ ಹೆಜ್ಜೆ ಹಾಕಿದ.